ಹಳ್ಳಿ ಕ್ಲಿನಿಕ್ಕಿನ ಇಂಟರ್ನೆಟ್ ಬಿಲ್ಲಿಗೆ ಶೇ. 65 ನೆರವು: ಅಮೆರಿಕದ ಹೆಲ್ತ್‌ಕೇರ್ ಕನೆಕ್ಟ್ ಫಂಡ್‌ಗೆ ಅರ್ಜಿ ಹಾಕುವ ಕ್ರಮ

ಅಮೆರಿಕದ ಹಳ್ಳಿಗಾಡಿನಲ್ಲಿರುವ ಕ್ಲಿನಿಕ್, ಸಮುದಾಯ ಆರೋಗ್ಯ ಕೇಂದ್ರ ಮತ್ತು ಲಾಭರಹಿತ ಆಸ್ಪತ್ರೆಗಳ ಬ್ರಾಡ್‌ಬ್ಯಾಂಡ್ ಖರ್ಚಿನಲ್ಲಿ ಶೇ. 65ನ್ನು ಹೆಲ್ತ್‌ಕೇರ್ ಕನೆಕ್ಟ್ ಫಂಡ್ ಕೊಡುತ್ತದೆ. ಸಂಸ್ಥೆ ಕಟ್ಟಬೇಕಾದ್ದು ಶೇ. 35 ಮಾತ್ರ. ಹಣ ಬರುವುದು ದೂರಸಂಪರ್ಕ ಕಂಪನಿಗಳ ವಂತಿಗೆಯಿಂದ ನಡೆಯುವ ಯೂನಿವರ್ಸಲ್ ಸರ್ವಿಸ್ ಫಂಡ್‌ನಿಂದ. ನಿಯಮ ಅಮೆರಿಕದ ಸಂಪರ್ಕ ಆಯೋಗವಾದ ಎಫ್‌ಸಿಸಿಯದು, ಅರ್ಜಿ ನೋಡಿ ಹಣ ಬಿಡುವುದು ಆ ಫಂಡಿನ ಆಡಳಿತ ನೋಡಿಕೊಳ್ಳುವ ಲಾಭರಹಿತ ಸಂಸ್ಥೆ ಯೂಸ್ಯಾಕ್. ಅರ್ಜಿಗೆ ಶುಲ್ಕ ಇಲ್ಲ.

ಫಾರ್ಮು ತುಂಬುವುದು ಕಷ್ಟದ ಕೆಲಸವೇನಲ್ಲ. ಆದರೂ ಅರ್ಜಿಗಳು ಬಿದ್ದುಹೋಗುತ್ತಲೇ ಇವೆ, ಅದೂ ಹೆಚ್ಚುಕಡಿಮೆ ಒಂದೇ ಕಾರಣಕ್ಕೆ. ಎಲ್ಲರೂ ಮೊದಲು ಇಂಟರ್ನೆಟ್ ಕಂಪನಿಯ ಜೊತೆ ಮಾತಾಡಿ, ದರ ಕುದುರಿಸಿ, ಕರಾರಿಗೆ ಸಹಿ ಹಾಕಿ, ಆಮೇಲೆ ನೆರವಿಗೆ ಅರ್ಜಿ ಹಾಕಲು ಕೂರುತ್ತಾರೆ. ಬೇರೆ ಯಾವ ವ್ಯವಹಾರದಲ್ಲಾದರೂ ಅದು ಸರಿಯಾದ ಕ್ರಮವೇ. ಇಲ್ಲಿ ಮಾತ್ರ ಅದು ತಲೆಕೆಳಗು. ಇಲ್ಲಿ ಸಹಿ ಐದನೇ ಹಂತದಲ್ಲಿ ಬರುತ್ತದೆ. ಅದಕ್ಕೆ ಮುಂಚೆ ಬಂದರೆ ಮುಂದಿನ ಫಾರ್ಮು ಎಷ್ಟೇ ಚೆನ್ನಾಗಿ ತುಂಬಿದರೂ ಉಪಯೋಗವಿಲ್ಲ.

ಜೆ-1 ವೇವರ್ (ತರಬೇತಿ ವೀಸಾ ಮುಗಿದ ಮೇಲೆ ತಾಯ್ನಾಡಿಗೆ ಮರಳಬೇಕೆಂಬ ಷರತ್ತಿನಿಂದ ವಿನಾಯಿತಿ) ಮೇಲೆ ಇಂಥ ಊರುಗಳಲ್ಲಿ ಮೂರು ವರ್ಷ ಸೇವೆ ಮಾಡುವ ಕರ್ನಾಟಕದ ವೈದ್ಯರು, ಕ್ಲಿನಿಕ್ಕುಗಳ ಐಟಿ ನೋಡಿಕೊಳ್ಳುವ ಕನ್ನಡಿಗರು ಸಾಕಷ್ಟಿದ್ದಾರೆ. ಸಣ್ಣ ಕ್ಲಿನಿಕ್ಕುಗಳಲ್ಲಿ ಈ ಕೆಲಸ ಕೊನೆಗೆ ಅಂಥವರ ಮೇಜಿಗೇ ಬಂದು ಬೀಳುವುದುಂಟು. ಕೆಳಗಿನದು ಒಂದೇ ಕ್ಲಿನಿಕ್ ತಾನಾಗಿ ಅರ್ಜಿ ಹಾಕುವ ಕ್ರಮ. ಹಲವು ಸಂಸ್ಥೆ ಸೇರಿ ಹಾಕುವ ಒಕ್ಕೂಟದ ಅರ್ಜಿಗೆ ಇನ್ನೂ ಕೆಲವು ಕಾಗದ ಬೇಕು. ಅದನ್ನು ಬೇಕಾದ ಕಡೆ ಹೇಳಿದೆ.

## ಮೊದಲು ಕ್ಯಾಲೆಂಡರ್ ತೆಗೆಯಿರಿ

ಅನುದಾನ ವರ್ಷ ಜುಲೈ 1ಕ್ಕೆ ಶುರುವಾಗಿ ಮುಂದಿನ ಜೂನ್ 30ಕ್ಕೆ ಮುಗಿಯುತ್ತದೆ. 2026ರ ಅನುದಾನ ವರ್ಷ ಎಂದರೆ 2026ರ ಜುಲೈ 1ರಿಂದ 2027ರ ಜೂನ್ 30. ಅದಕ್ಕೆ ಬಿಡ್ ಕರೆಯಲು 2025ರ ಜುಲೈ 1ರಿಂದಲೇ ಅವಕಾಶವಿದೆ, ಅಂದರೆ ಸೇವೆ ಶುರುವಾಗುವುದಕ್ಕೆ ಪೂರ್ತಿ ಒಂದು ವರ್ಷ ಮುಂಚೆ.

ಹಣ ಕೇಳುವ ಫಾರ್ಮ್ 462ಕ್ಕೆ ಮಾತ್ರ ಕಿಟಕಿ, ಅಂದರೆ ಕಳಿಸಲು ಗೊತ್ತುಪಡಿಸಿದ ಅವಧಿ, ಇದೆ. ಈಚಿನ ವರ್ಷಗಳಲ್ಲಿ ಅದು ಡಿಸೆಂಬರ್ ಹೊತ್ತಿಗೆ ತೆರೆದು ಏಪ್ರಿಲ್ ಆರಂಭದಲ್ಲಿ ಮುಚ್ಚುತ್ತದೆ. ನಿಮ್ಮ ವರ್ಷದ ತಾರೀಕನ್ನು ಯೂಸ್ಯಾಕ್ ಜಾಲತಾಣದಲ್ಲಿ ನೋಡಿ ಗೋಡೆಗೆ ಅಂಟಿಸಿ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಲೆಕ್ಕ ಸಿಗುತ್ತದೆ. ಗಡುವು ಏಪ್ರಿಲ್ 1 ಎಂದುಕೊಳ್ಳಿ. ಬಿಡ್ಡಿಗೆ ಕನಿಷ್ಠ 28 ದಿನ ಬೇಕು, ಹಾಗಾಗಿ ಬಿಡ್ ಕರೆ ಮಾರ್ಚ್ ಮೊದಲ ದಿನಗಳಲ್ಲಾದರೂ ಪ್ರಕಟವಾಗಿರಬೇಕು. ನೀವು ಕಳಿಸಿದ ಫಾರ್ಮನ್ನು ಯೂಸ್ಯಾಕ್ ಪರಿಶೀಲಿಸಿದ ನಂತರವೇ ಅದು ಪ್ರಕಟವಾಗುವುದು. ಆ ಪರಿಶೀಲನೆಗೂ ದಿನ ಹಿಡಿಯುತ್ತದೆ. ಬಿಡ್ ತೂಗಲು, ಕರಾರು ಓದಲು ಇನ್ನೊಂದೆರಡು ವಾರ. ಫೆಬ್ರವರಿ ಕೊನೆಯಲ್ಲಿ ಎದ್ದು ಕೂತವರಿಗೆ ಆ ವರ್ಷ ಕೈತಪ್ಪಿತು ಎಂದೇ ಅರ್ಥ. ಅಕ್ಟೋಬರ್‌ನಲ್ಲಿ ಬಿಡ್ ಕರೆದವರು ಕ್ರಿಸ್ಮಸ್ ರಜೆಗೆ ಮುಂಚೆ ಕರಾರು ಮುಗಿಸಿ ನಿರಾಳವಾಗಿರುತ್ತಾರೆ.

## ಕೈಯಲ್ಲಿ ಇರಬೇಕಾದ್ದು

ಎಫ್‌ಸಿಸಿಯ ನೋಂದಣಿ ಸಂಖ್ಯೆ, ಅಂದರೆ ಎಫ್‌ಆರ್‌ಎನ್. ಅದು ಎಫ್‌ಸಿಸಿಯ ಕೋರ್ಸ್ (CORES) ಎಂಬ ಆನ್‌ಲೈನ್ ನೋಂದಣಿ ವ್ಯವಸ್ಥೆಯಲ್ಲಿ ಸಿಗುತ್ತದೆ. ಜೊತೆಗೆ ಸಂಸ್ಥೆಯ ಎನ್‌ಪಿಐ (ಆರೋಗ್ಯ ಸೇವೆ ಕೊಡುವವರ ರಾಷ್ಟ್ರೀಯ ಗುರುತಿನ ಸಂಖ್ಯೆ), ಸೇವೆಯ ಬಗೆ ಹೇಳುವ ಟ್ಯಾಕ್ಸಾನಮಿ ಕೋಡ್, ಲಾಭರಹಿತ ಅಥವಾ ಸಾರ್ವಜನಿಕ ಸಂಸ್ಥೆ ಎನ್ನುವುದಕ್ಕೆ ದಾಖಲೆ, ಕ್ಲಿನಿಕ್ ಇರುವ ಕಟ್ಟಡದ ಸರಿಯಾದ ವಿಳಾಸ.

ಎಫ್‌ಆರ್‌ಎನ್ ಮತ್ತು ಎನ್‌ಪಿಐ ಎರಡೂ ಹತ್ತಂಕಿಯವು. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯುವುದು ಸಾಮಾನ್ಯ. ಅದಕ್ಕಿಂತ ಹೆಚ್ಚು ಕಾಡುವ ತಪ್ಪೆಂದರೆ ವೈದ್ಯರ ಸ್ವಂತ ಎನ್‌ಪಿಐ ಬರೆಯುವುದು. ಬೇಕಾಗಿರುವುದು ಸಂಸ್ಥೆಯ ಹೆಸರಿನಲ್ಲಿರುವ ಟೈಪ್ 2 ಸಂಖ್ಯೆ. ಬಿಲ್ಲಿಂಗ್ ವಿಭಾಗದವರನ್ನು ಕೇಳಿದರೆ ಅವರ ಬಳಿ ಇದ್ದೇ ಇರುತ್ತದೆ.

ಇನ್ನೊಂದು ಮಾತು: ಯೂಸ್ಯಾಕ್ ಲಾಗಿನ್ ಯಾರ ಹೆಸರಲ್ಲಿದೆ ನೋಡಿಕೊಳ್ಳಿ. ಮುಖ್ಯ ಖಾತೆದಾರರು ಕೆಲಸ ಬಿಟ್ಟು ಹೋಗಿ, ಅವರ ಹಳೆಯ ಇಮೇಲ್‌ಗೆ ಯೂಸ್ಯಾಕ್ ಪ್ರಶ್ನೆಗಳು ಹೋಗುತ್ತಾ, ಇತ್ತ ಯಾರಿಗೂ ಗೊತ್ತಾಗದೆ ಅರ್ಜಿ ತಿರಸ್ಕಾರವಾಗುವುದು ವರ್ಷವರ್ಷವೂ ನಡೆಯುವ ಕತೆ. ಕನಿಷ್ಠ ಇಬ್ಬರ ಹೆಸರು ಖಾತೆಯಲ್ಲಿರಲಿ.

## ಹಂತ 1: ಅರ್ಹತೆ ಖಚಿತ ಮಾಡಿಕೊಳ್ಳಿ, ಫಾರ್ಮ್ 460 ಕಳಿಸಿ

ಎರಡು ಪ್ರಶ್ನೆ. ಸಂಸ್ಥೆ ಯಾವ ಬಗೆಯದು? ಜಾಗ ಗ್ರಾಮೀಣವೇ?

ಅರ್ಹ ಪಟ್ಟಿಯಲ್ಲಿರುವವು: ಲಾಭರಹಿತ ಆಸ್ಪತ್ರೆ, ಗ್ರಾಮೀಣ ಆರೋಗ್ಯ ಕ್ಲಿನಿಕ್, ಸಮುದಾಯ ಆರೋಗ್ಯ ಕೇಂದ್ರ ಮತ್ತು ವಲಸೆ ಕಾರ್ಮಿಕರ ಆರೋಗ್ಯ ಕೇಂದ್ರ, ಸ್ಥಳೀಯ ಆರೋಗ್ಯ ಇಲಾಖೆ, ಸಮುದಾಯ ಮಾನಸಿಕ ಆರೋಗ್ಯ ಕೇಂದ್ರ, ನುರಿತ ಶುಶ್ರೂಷಾ ಕೇಂದ್ರ, ವೈದ್ಯಕೀಯ ಶಿಕ್ಷಣ ಸಂಸ್ಥೆ ಮತ್ತು ಬೋಧನಾ ಆಸ್ಪತ್ರೆ. ಇವೆಲ್ಲ ಸಾರ್ವಜನಿಕ ಅಥವಾ ಲಾಭರಹಿತ ಆಗಿರಬೇಕು. ಲಾಭಕ್ಕಾಗಿ ನಡೆಯುವ ಗ್ರಾಮೀಣ ಆಸ್ಪತ್ರೆಯಾದರೆ ಅದರ ಪ್ರತ್ಯೇಕ ತುರ್ತು ಚಿಕಿತ್ಸಾ ವಿಭಾಗಕ್ಕೆ ಮಾತ್ರ ಅವಕಾಶ. ವೈದ್ಯರೊಬ್ಬರ ಸ್ವಂತ ಪ್ರಾಕ್ಟೀಸ್ ಎಷ್ಟೇ ಹಿಂದುಳಿದ ಊರಿನಲ್ಲಿದ್ದರೂ ಪಟ್ಟಿಯಲ್ಲಿಲ್ಲ. ಇದನ್ನು ತಿಳಿಯದೆ ತಿಂಗಳುಗಟ್ಟಲೆ ಓಡಾಡಿದವರಿದ್ದಾರೆ.

ಗ್ರಾಮೀಣ ಎಂಬುದು ಕಣ್ಣಿಗೆ ಕಾಣುವ ಹೊಲಗದ್ದೆಯ ಲೆಕ್ಕವಲ್ಲ, ಜನಗಣತಿಯ ಗಡಿರೇಖೆಯ ಲೆಕ್ಕ. ಸುತ್ತ ಬರೀ ಜೋಳದ ಹೊಲವಿದ್ದರೂ ಕೆಲವು ಜಾಗ ಅನರ್ಹ, ಹೆದ್ದಾರಿ ಪಕ್ಕದ ಪಟ್ಟಣವೊಂದು ಅರ್ಹ ಆಗಿರಬಹುದು. 25,000 ಜನಸಂಖ್ಯೆ ಇಲ್ಲಿ ಮುಖ್ಯ ಗೆರೆ. ಯೂಸ್ಯಾಕ್ ಜಾಲತಾಣದಲ್ಲಿ ಅರ್ಹ ಗ್ರಾಮೀಣ ಪ್ರದೇಶ ಹುಡುಕುವ ಸಾಧನವಿದೆ. ವಿಳಾಸ ಹಾಕಿ ನೋಡಿ, ಬಂದ ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಗರದ ಸಂಸ್ಥೆ ಒಬ್ಬಂಟಿಯಾಗಿ ಅರ್ಜಿ ಹಾಕುವಂತಿಲ್ಲ. ಗ್ರಾಮೀಣ ಸದಸ್ಯರೇ ಹೆಚ್ಚಿರುವ ಒಕ್ಕೂಟದೊಳಗೆ ಸೇರಿಕೊಳ್ಳಬಹುದು.

ಈ ಅರ್ಹತೆಯನ್ನು ಖಚಿತಪಡಿಸಲು ಕಳಿಸುವ ಫಾರ್ಮ್ 460 ಪ್ರತಿ ಜಾಗಕ್ಕೂ ಒಂದೊಂದು. ಮೂರು ಊರಿನಲ್ಲಿ ಮೂರು ಕ್ಲಿನಿಕ್ ಇದ್ದರೆ ಮೂರು ಫಾರ್ಮು. ವಿಳಾಸದಲ್ಲಿ ಅಂಚೆಪೆಟ್ಟಿಗೆಯ ಸಂಖ್ಯೆ ಬರೆಯಬೇಡಿ, ಕೇಬಲ್ ಬಂದು ಸೇರುವ ಕಟ್ಟಡದ್ದೇ ಬರೆಯಿರಿ. ಮುಂದೆ ಬಿಲ್ಲು, ಕರಾರು, 462 ಎಲ್ಲದರಲ್ಲೂ ಇದೇ ವಿಳಾಸ ಅಕ್ಷರಶಃ ಬರಬೇಕು. ಸಂಸ್ಥೆಯ ಕಾನೂನುಬದ್ಧ ಹೆಸರೂ ಅಷ್ಟೇ; ಬೋರ್ಡಿನ ಮೇಲಿರುವ ಹೆಸರು ಬೇರೆ, ನೋಂದಣಿಯಲ್ಲಿರುವ ಹೆಸರು ಬೇರೆ ಇದ್ದರೆ ನೋಂದಣಿಯದ್ದೇ ಬಳಸಿ.

ಈ ಫಾರ್ಮಿಗೆ ಕಿಟಕಿ ಇಲ್ಲ, ವರ್ಷದ ಯಾವ ದಿನ ಬೇಕಾದರೂ ಕಳಿಸಬಹುದು. ಒಮ್ಮೆ ಒಪ್ಪಿಗೆಯಾದರೆ ಪ್ರತಿವರ್ಷ ಹೊಸದಾಗಿ ಹಾಕಬೇಕಿಲ್ಲ. ವಿಳಾಸ ಅಥವಾ ಹೆಸರು ಬದಲಾದಾಗ ತಿದ್ದಬೇಕು. ಕ್ಲಿನಿಕ್ ಪಕ್ಕದ ಬೀದಿಗೆ ಸ್ಥಳಾಂತರವಾದಾಗ 460 ತಿದ್ದುವುದನ್ನು ಮರೆತು, ಮುಂದೆ ಇನ್‌ವಾಯ್ಸ್ ಹಂತದಲ್ಲಿ ಸಿಕ್ಕಿಬೀಳುವವರು ಬಹಳ.

## ಹಂತ 2: ಏನು ಬೇಕು ಎಂದು ಬರೆದಿಟ್ಟುಕೊಳ್ಳಿ, ಅಂಕಪಟ್ಟಿ ಮಾಡಿ

ಬಿಡ್ ಕರೆಯುವುದಕ್ಕೆ ಮುಂಚೆ ಎರಡು ಕಾಗದ ಸಿದ್ಧವಾಗಬೇಕು.

ಒಂದು, ಬೇಡಿಕೆಯ ವಿವರ: ಎಷ್ಟು ವೇಗ, ಅಪ್‌ಲೋಡ್, ಡೌನ್‌ಲೋಡ್ ಎರಡಕ್ಕೂ ಒಂದೇ ವೇಗವೇ, ಎಷ್ಟು ಜಾಗ, ಎಷ್ಟು ವರ್ಷ. ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳನ್ನು ಹೊರಗಿನ ರೇಡಿಯಾಲಜಿಸ್ಟ್‌ಗೆ ಕಳಿಸುವ ಕ್ಲಿನಿಕ್ಕಿಗೆ ಅಪ್‌ಲೋಡ್ ವೇಗವೇ ಮುಖ್ಯ. ಮನೆ ಬಳಕೆಯ ಪ್ಲಾನುಗಳು ಸೋಲುವುದು ಅಲ್ಲೇ. ಬೇಡಿಕೆಯನ್ನು ಒಂದೇ ಸಂಖ್ಯೆಗೆ ಕಟ್ಟಿಹಾಕಬೇಡಿ. "100ರಿಂದ 500 ಎಂಬಿಪಿಎಸ್" ಎಂಬ ವ್ಯಾಪ್ತಿ ಕೊಟ್ಟರೆ ಹೆಚ್ಚು ಕಂಪನಿಗಳು ದರ ಕೊಡುತ್ತವೆ, ನಡುವೆ ವೇಗ ಹೆಚ್ಚಿಸಬೇಕಾಗಿ ಬಂದರೂ ತೊಡಕಾಗದು. ಯಾವುದೋ ಒಂದು ಕಂಪನಿಯ ಹೆಸರನ್ನೋ ಅದೊಂದೇ ಕೊಡಬಲ್ಲ ಪ್ಲಾನಿನ ಹೆಸರನ್ನೋ ಬರೆದರೆ ಸ್ಪರ್ಧೆ ಮುಕ್ತವಾಗಿರಲಿಲ್ಲ ಎಂದಾಗುತ್ತದೆ.

ಯಾವ ಖರ್ಚಿಗೆ ನೆರವಿದೆ ಎಂಬುದೂ ಈಗಲೇ ಗೊತ್ತಿರಲಿ. ತಿಂಗಳ ಬ್ರಾಡ್‌ಬ್ಯಾಂಡ್ ಬಿಲ್ಲು, ಸಂಪರ್ಕ ಹಾಕುವ ಖರ್ಚು, ಆ ಸಂಪರ್ಕ ಕೆಲಸ ಮಾಡಲು ಬೇಕೇಬೇಕಾದ ರೌಟರಿನಂಥ ಉಪಕರಣ ಸೇರುತ್ತವೆ. ಕಂಪ್ಯೂಟರ್, ಫೋನ್ ಸೆಟ್ಟು, ಟೆಲಿಮೆಡಿಸಿನ್ ಕ್ಯಾಮರಾ, ಕಟ್ಟಡದ ಒಳಗಿನ ವೈರಿಂಗ್, ಸಿಬ್ಬಂದಿ ಸಂಬಳ, ಸಲಹೆಗಾರರ ಶುಲ್ಕ ಸೇರುವುದಿಲ್ಲ. ಒಂದೇ ಬಿಲ್ಲಿನಲ್ಲಿ ಎರಡೂ ಬೆರೆತಿದ್ದರೆ ಅರ್ಹ ಭಾಗವನ್ನು ಬೇರ್ಪಡಿಸಿ ಕೊಡಲು ಕಂಪನಿಗೆ ಮೊದಲೇ ಹೇಳಿ.

ಎರಡು, ಅಂಕಪಟ್ಟಿ. ಬಂದ ಬಿಡ್ಡುಗಳನ್ನು ಯಾವ ಅಳತೆಯಲ್ಲಿ ತೂಗುತ್ತೀರಿ, ಯಾವುದಕ್ಕೆ ಎಷ್ಟು ಅಂಕ ಎಂಬ ಪಟ್ಟಿ ಇದು. ಇದನ್ನು ಬಿಡ್ ಕರೆಯ ಜೊತೆಗೇ ಕೊಡಬೇಕು. ಯಾವ ಕಾರಣಕ್ಕೆ ಬಿಡ್ ಒಂದನ್ನು ನೋಡದೆಯೇ ಪಕ್ಕಕ್ಕಿಡುತ್ತೀರಿ ಎಂಬುದನ್ನೂ ಈಗಲೇ ಹೇಳಬೇಕು: ಉದಾಹರಣೆಗೆ ತಡವಾಗಿ ಬಂದದ್ದು, ಕಂಪನಿಗೆ ಯೂಸ್ಯಾಕ್‌ನ 498 ಸಂಖ್ಯೆ (ಸೇವೆ ಕೊಡುವ ಕಂಪನಿಯ ನೋಂದಣಿ ಸಂಖ್ಯೆ) ಇಲ್ಲದ್ದು. ಬಿಡ್ ತೆರೆದ ಮೇಲೆ ಹೊಸ ಕಾರಣ ಸೇರಿಸುವಂತಿಲ್ಲ. ಬೆಲೆ ಒಂದು ಅಂಶವಾಗಿ ಇರಲೇಬೇಕು. ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಅಂಕ ಕೊಡಿ, ಮುಂದೆ ವಾದಕ್ಕೆ ಜಾಗವಿರುವುದಿಲ್ಲ.

## ಹಂತ 3: ಫಾರ್ಮ್ 461 ಕಳಿಸಿ, 28 ದಿನ ಸುಮ್ಮನಿರಿ

461 ಎಂದರೆ "ಈ ಸೇವೆ ಬೇಕು, ದರ ಕೊಡಿ" ಎಂಬ ಬಹಿರಂಗ ಕರೆ. ಆರ್‌ಎಚ್‌ಸಿ ಕನೆಕ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ತುಂಬಿ ಕಳಿಸಿದ ಮೇಲೆ ಯೂಸ್ಯಾಕ್ ಅದನ್ನು ಪ್ರಕಟಿಸುತ್ತದೆ. ಆ ದಿನದಿಂದ 28 ದಿನ ಬಾಗಿಲು ತೆರೆದಿರಬೇಕು. ಕಂಪನಿಯನ್ನು ಆರಿಸಿ ಸಹಿ ಹಾಕಬಹುದಾದ ಮೊದಲ ದಿನ ಯಾವುದೆಂದು ಯೂಸ್ಯಾಕ್ ತಿಳಿಸುತ್ತದೆ. ಅರ್ಜಿದಾರರ ಮಾತಿನಲ್ಲಿ ಅದು ಎಸಿಎಸ್‌ಡಿ. ಆ ತಾರೀಕನ್ನು ಕೆಂಪು ಪೆನ್ನಿನಲ್ಲಿ ಬರೆದಿಡಿ.

ಒಕ್ಕೂಟವೊಂದು ವರ್ಷಕ್ಕೆ 1,00,000 ಡಾಲರ್‌ಗಿಂತ ಹೆಚ್ಚು ನೆರವು ಕೇಳುವುದಾದರೆ 461ರ ಜೊತೆ ಆರ್‌ಎಫ್‌ಪಿಯೂ, ಅಂದರೆ ಪ್ರಸ್ತಾವನೆ ಕೋರುವ ವಿವರವಾದ ದಾಖಲೆಯೂ, ಬೇಕು. ಸದಸ್ಯ ಸಂಸ್ಥೆಗಳ ಒಪ್ಪಿಗೆ ಪತ್ರಗಳಂತೂ ಬೇಕೇ ಬೇಕು.

ಅರ್ಜಿಗೆ ಹೊರಗಿನ ಸಲಹೆಗಾರರು ಸಹಾಯ ಮಾಡಿದ್ದರೆ ಅದನ್ನು ಘೋಷಿಸಬೇಕು. ಅವರು ನಿಮ್ಮ ಪರವಾಗಿ ಸಹಿ ಮಾಡುವುದಾದರೆ ಅಧಿಕಾರ ಪತ್ರವೂ ಇರಬೇಕು. ಸಲಹೆಗಾರರಿಗೆ ಬಿಡ್ ಹಾಕುವ ಕಂಪನಿಯಿಂದ ಕಮಿಷನ್ ಬರುತ್ತಿದ್ದರೆ ಇಡೀ ಬಿಡ್ ಕೆಟ್ಟಂತೆ. "ನಿಮಗೆ ಒಂದು ಪೈಸೆ ಖರ್ಚಿಲ್ಲ, ಫಾರ್ಮೆಲ್ಲ ನಾವೇ ತುಂಬುತ್ತೇವೆ" ಎಂದು ಇಂಟರ್ನೆಟ್ ಕಂಪನಿಯ ಮಾರಾಟದವರೇ ಮುಂದೆ ಬಂದರೆ ಎಚ್ಚರವಿರಲಿ. ಬಿಡ್ ಹಾಕುವವರ ಕೈಯಲ್ಲೇ ಬಿಡ್ ಕರೆ ಬರೆಸುವುದು ನಿಯಮಕ್ಕೆ ನೇರ ವಿರುದ್ಧ.

ಉಡುಗೊರೆಯ ಮಿತಿಯೂ ಇದೆ: ಒಂದು ಸಲಕ್ಕೆ 20 ಡಾಲರ್, ಒಂದು ಕಂಪನಿಯಿಂದ ವರ್ಷಕ್ಕೆ ಒಟ್ಟು 50 ಡಾಲರ್. ಕಾಫಿ ಕುಡಿಸಿದರೆ ತೊಂದರೆಯಿಲ್ಲ. ಆಟದ ಟಿಕೆಟ್ ಬೇಡ.

ಆ 28 ದಿನಗಳಲ್ಲಿ ಯಾವ ಕಂಪನಿ ಪ್ರಶ್ನೆ ಕೇಳಿದರೂ ಇಮೇಲ್‌ನಲ್ಲೇ ಉತ್ತರಿಸಿ. ಒಬ್ಬರಿಗೆ ಕೊಟ್ಟ ಮಾಹಿತಿ ಎಲ್ಲರಿಗೂ ಸಿಗಬೇಕು. ಈಗಿನ ಕಂಪನಿಯವರು ಫೋನ್ ಮಾಡಿ "ಈ ದರ ಶುಕ್ರವಾರದವರೆಗೆ ಮಾತ್ರ, ಒಂದು ಉದ್ದೇಶ ಪತ್ರಕ್ಕೆ ಸಹಿ ಹಾಕಿಬಿಡಿ" ಎನ್ನುತ್ತಾರೆ. ಹಾಕಬೇಡಿ. ಉದ್ದೇಶ ಪತ್ರವಾಗಲಿ, ಸೇವಾ ಆರ್ಡರ್ ಆಗಲಿ, ಹೆಸರೇನೇ ಇದ್ದರೂ ಆಯ್ಕೆ ಆಗಲೇ ಮುಗಿದಿತ್ತು ಎಂದು ತೋರಿಸುವ ಕಾಗದ ಅದು.

ಸ್ಪ್ಯಾಮ್ ಪೆಟ್ಟಿಗೆಯನ್ನು ದಿನವೂ ನೋಡಿ. ಅಲ್ಲಿ ಬಿದ್ದ ಬಿಡ್ ಕೂಡ ಬಂದ ಬಿಡ್ಡೇ.

### ಬಿಡ್ ಕರೆಯದೆ ಹೋಗಬಹುದಾದ ಸಂದರ್ಭ

ವರ್ಷದ ಒಟ್ಟು ಅರ್ಹ ಖರ್ಚು, ಅಂದರೆ ನೆರವು ಕಳೆಯುವುದಕ್ಕೆ ಮುಂಚಿನ ಮೊತ್ತ, 10,000 ಡಾಲರ್ ಒಳಗಿದ್ದು, ಕರಾರಿನ ಅವಧಿ ಒಂದು ವರ್ಷ ಮೀರದಿದ್ದರೆ 461 ಬೇಕಿಲ್ಲ. ತಿಂಗಳಿಗೆ ಸುಮಾರು 833 ಡಾಲರ್ ಆಯಿತು. ಒಂದೇ ಕ್ಲಿನಿಕ್ಕಿನ ಖರ್ಚನ್ನು ಎರಡು ತುಂಡು ಮಾಡಿ ಈ ಮಿತಿಯೊಳಗೆ ತೂರಿಸಲು ನೋಡಬೇಡಿ, ಲೆಕ್ಕಕ್ಕೆ ಹಿಡಿಯುವುದು ಒಟ್ಟು ಮೊತ್ತವನ್ನೇ. ಸರ್ಕಾರಿ ಸಂಸ್ಥೆ ಮೊದಲೇ ಮಾಡಿಕೊಂಡ ಮಾಸ್ಟರ್ ಒಪ್ಪಂದದಡಿ ಕೊಳ್ಳುವಾಗ, ಯೂಸ್ಯಾಕ್ ಈಗಾಗಲೇ ಎವರ್‌ಗ್ರೀನ್ (ಅವಧಿ ಮುಗಿಯುವವರೆಗೆ ಮತ್ತೆ ಬಿಡ್ ಬೇಡದ್ದು) ಎಂದು ಒಪ್ಪಿದ ಕರಾರು ಜಾರಿಯಲ್ಲಿರುವಾಗ ಕೂಡ ವಿನಾಯಿತಿ ಇದೆ. ಯಾವ ವಿನಾಯಿತಿ ಇದ್ದರೂ 460 ಮತ್ತು 462 ತಪ್ಪುವುದಿಲ್ಲ.

## ಹಂತ 4: ಬಿಡ್ಡುಗಳನ್ನು ತೂಗಿ

ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. ಮೂರು ವರ್ಷದ ಕರಾರು, 100 ಎಂಬಿಪಿಎಸ್ ಸಂಪರ್ಕ. ಅಂಕಪಟ್ಟಿಯಲ್ಲಿ ಬೆಲೆಗೆ 40, ಸೇವೆಯ ಭರವಸೆಗೆ 25, ಸಂಪರ್ಕ ಹಾಕಲು ಹಿಡಿಯುವ ಕಾಲಕ್ಕೆ 15, ತಾಂತ್ರಿಕ ಸಹಾಯಕ್ಕೆ 10, ಅನುಭವಕ್ಕೆ 10.

ಬಂದ ದರ: ಮೊದಲ ಕಂಪನಿ ತಿಂಗಳಿಗೆ 950 ಡಾಲರ್, ಎರಡನೆಯದು 1,100, ಮೂರನೆಯದು 780. ಬೆಲೆ ಬಿಟ್ಟು ಉಳಿದ ಅಂಶಗಳಲ್ಲಿ ಅವು ಗಳಿಸಿದ್ದು ಕ್ರಮವಾಗಿ 50, 53, 44 ಎಂದಿಟ್ಟುಕೊಳ್ಳಿ. ಬೆಲೆಯ ಅಂಕಕ್ಕೆ ಸೂತ್ರ ಸರಳ: ಅತಿ ಕಡಿಮೆ ದರವನ್ನು ಆ ಕಂಪನಿಯ ದರದಿಂದ ಭಾಗಿಸಿ 40ರಿಂದ ಗುಣಿಸಿ. ಮೂರನೆಯದಕ್ಕೆ 40, ಮೊದಲನೆಯದಕ್ಕೆ 32.8. ಒಟ್ಟು ಸೇರಿಸಿದರೆ ಮೂರನೆಯದಕ್ಕೆ 84, ಮೊದಲನೆಯದಕ್ಕೆ 82.8. ಮೂರನೆಯ ಕಂಪನಿ ಗೆದ್ದಿತು.

ಗೆಲ್ಲಲಿಲ್ಲ. ಅದರ ಬಿಡ್ಡಿನ ನಾಲ್ಕನೇ ಪುಟದಲ್ಲಿ ಕಂಬದಿಂದ ಕಟ್ಟಡಕ್ಕೆ ಫೈಬರ್ ಎಳೆಯಲು 6,000 ಡಾಲರ್ ಎಂದು ಸಣ್ಣಕ್ಷರದಲ್ಲಿದೆ. ಉಳಿದಿಬ್ಬರು ಅದಕ್ಕೆ ಏನೂ ಕೇಳಿಲ್ಲ. 36 ತಿಂಗಳ ಒಟ್ಟು ಖರ್ಚು ಹಾಕಿ: ಮೊದಲನೆಯದು 34,200, ಎರಡನೆಯದು 39,600, ಮೂರನೆಯದು 28,080ಕ್ಕೆ 6,000 ಸೇರಿ 34,080. ಬೆಲೆಯ ಅಂಕ ಈಗ 39.9, 34.4, 40. ಒಟ್ಟು 89.9, 87.4, 84. ಮೊದಲಿದ್ದವರು ಕೊನೆಗೆ ಹೋದರು. ತಿಂಗಳ ದರವನ್ನು ಮಾತ್ರ ನೋಡಿ ತೂಗಿದ ಪಟ್ಟಿಗಳು ಪರಿಶೀಲನೆಯಲ್ಲಿ ಮುಗ್ಗರಿಸುವುದು ಹೀಗೆ.

ತೂಗಿದವರು ಯಾರು, ಅವರ ಹುದ್ದೆ ಏನು, ಸಂಸ್ಥೆಗೂ ಅವರಿಗೂ ಏನು ಸಂಬಂಧ ಎಂಬುದನ್ನು ಬರೆದಿಡಿ, 462ರಲ್ಲಿ ಕೇಳುತ್ತಾರೆ. ಒಂದೇ ಬಿಡ್ ಬಂದರೂ ಅಂಕ ಹಾಕಿ, ತಾರೀಕು ಬರೆದು, ಸಹಿ ಮಾಡಿ. ಒಂದೂ ಬರದಿದ್ದರೆ ಬರಲಿಲ್ಲ ಎಂದು ಟಿಪ್ಪಣಿ ಬರೆದು ಕಡತದಲ್ಲಿಡಿ. ಸೋತ ಬಿಡ್ಡುಗಳನ್ನು ಎಸೆಯಬೇಡಿ, ಅವನ್ನೂ ಅಪ್‌ಲೋಡ್ ಮಾಡಬೇಕು.

## ಹಂತ 5: ಈಗ ಕರಾರು

ಎಸಿಎಸ್‌ಡಿ ದಿನ ಅಥವಾ ಅದರ ನಂತರ ಸಹಿ ಹಾಕಿ. ಕಾಗದದ ಮೇಲೆ ಬರೆದ ತಾರೀಕು ಸರಿಯಿದ್ದರೆ ಸಾಲದು. ಇ-ಸಹಿ ಹಾಕಿದಾಗ ಕೊನೆಯ ಪುಟದಲ್ಲಿ ದಿನ, ಗಂಟೆ, ನಿಮಿಷ ಅಚ್ಚಾಗುತ್ತದೆ, ಪರಿಶೀಲಕರ ಕಣ್ಣು ಮೊದಲು ಹೋಗುವುದು ಅಲ್ಲಿಗೆ. ಎರಡು ಕಡೆಯವರ ಸಹಿಯ ತಾರೀಕನ್ನೂ ನೋಡಿ.

ಕರಾರಿನಲ್ಲಿ ಇರಲೇಬೇಕಾದ್ದು: ಎರಡೂ ಕಡೆಯವರ ಹೆಸರು ಮತ್ತು ಸಹಿ, ಸೇವೆಯ ಬಗೆ ಮತ್ತು ವೇಗ, ಯಾವ ಯಾವ ಜಾಗಕ್ಕೆ, ದರ, ಅವಧಿ. ಇಷ್ಟೂ ಸ್ಪಷ್ಟವಾಗಿದ್ದರೆ ಎವರ್‌ಗ್ರೀನ್ ಮಾನ್ಯತೆ ಸಿಗುತ್ತದೆ. ಆಗ ಕರಾರಿನ ಅವಧಿ ಮುಗಿಯುವವರೆಗೆ ಪ್ರತಿವರ್ಷ ಬಿಡ್ ಕರೆಯುವ ತಾಪತ್ರಯವಿಲ್ಲ. ಅವಧಿ ವಿಸ್ತರಣೆಯ ಆಯ್ಕೆಗಳನ್ನು ಮೂಲ ಕರಾರಿನಲ್ಲೇ ಬರೆಸಿ. ಒಟ್ಟು ಐದು ವರ್ಷದವರೆಗೆ ವಿಸ್ತರಿಸಲು ಅವಕಾಶವಿದೆ. ಆಮೇಲೆ ಸೇರಿಸಿದ ತಿದ್ದುಪಡಿ ಈ ಕೆಲಸಕ್ಕೆ ಬರುವುದಿಲ್ಲ. "ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ" ಎಂಬ ಕರಾರು ಎವರ್‌ಗ್ರೀನ್ ಅಲ್ಲ. ಅಂಥ ಕರಾರಿನವರು ಪ್ರತಿವರ್ಷ 461ರಿಂದಲೇ ಶುರು ಮಾಡಬೇಕು.

ನೆರವು ಮಂಜೂರಾಗದಿದ್ದರೆ ಕರಾರಿನಿಂದ ಹೊರಬರಬಹುದು ಎಂಬ ಒಂದು ಸಾಲನ್ನೂ ಸೇರಿಸಿಕೊಳ್ಳಿ. ಕಂಪನಿಗಳು ಇದಕ್ಕೆ ತಕರಾರು ಮಾಡುವುದು ಕಡಿಮೆ. ಕೇಳದವರಿಗೆ ಮಾತ್ರ ಸಿಗುವುದಿಲ್ಲ.

## ಹಂತ 6: ಫಾರ್ಮ್ 462, ಹಣ ಕೇಳುವ ಅರ್ಜಿ

ಕಿಟಕಿ ತೆರೆದಿರುವಾಗಲೇ ಕಳಿಸಬೇಕು. ಜೊತೆಗೆ ಅಪ್‌ಲೋಡ್ ಮಾಡುವ ಕಾಗದ: ಸಹಿಯಾದ ಕರಾರು, ಬಂದ ಎಲ್ಲ ಬಿಡ್ಡುಗಳು, ಅಂಕ ತುಂಬಿದ ಪಟ್ಟಿ, ತೂಗಿದವರ ಹೆಸರು ಮತ್ತು ಹುದ್ದೆ, ಕಂಪನಿಗಳ ಜೊತೆ ನಡೆದ ಪತ್ರವ್ಯವಹಾರ, ದರಕ್ಕೆ ಪುರಾವೆ. ಒಕ್ಕೂಟವಾದರೆ ಜಾಗವಾರು ಖರ್ಚಿನ ಪಟ್ಟಿಯೂ ಬೇಕು.

ಮೇಲಿನ ಉದಾಹರಣೆಯ ಕ್ಲಿನಿಕ್ಕಿಗೆ ವರ್ಷದ ಖರ್ಚು 11,400 ಡಾಲರ್. ನೆರವು 7,410. ಕ್ಲಿನಿಕ್ ಕಟ್ಟುವುದು 3,990. ಫಾರ್ಮಿನಲ್ಲಿ ಬರೆಯುವ ಮೊತ್ತ ಕರಾರಿನ ದರಕ್ಕೆ ಡಾಲರ್ ಸೆಂಟ್ ಸಮೇತ ತಾಳೆಯಾಗಬೇಕು. ಬಿಲ್ಲಿನ ಮೇಲೆ ಬರುವ ಅರ್ಹ ತೆರಿಗೆ, ಶುಲ್ಕಗಳನ್ನು ಸೇರಿಸಲು ಮರೆತರೆ ಅಷ್ಟು ನೆರವು ಕೈಬಿಟ್ಟು ಹೋಗುತ್ತದೆ. ಮಂಜೂರಾದ ಮೊತ್ತಕ್ಕಿಂತ ಹೆಚ್ಚು ಆಮೇಲೆ ಕೇಳುವಂತಿಲ್ಲ.

ಬಹುವರ್ಷದ ಕರಾರಿದ್ದರೆ ಒಂದೇ ಅರ್ಜಿಯಲ್ಲಿ ಮೂರು ವರ್ಷದವರೆಗೆ ಕೇಳಬಹುದು.

ಶೇ. 35 ಎಲ್ಲಿಂದ ಬರುತ್ತದೆ ಎಂಬುದು ಹಲವರನ್ನು ಬೀಳಿಸಿದ ಗುಂಡಿ. ಸಂಸ್ಥೆಯ ಸ್ವಂತ ಹಣ, ರಾಜ್ಯದ ಅನುದಾನ, ಬುಡಕಟ್ಟು ಸರ್ಕಾರದ ಹಣ, ಖಾಸಗಿ ಅನುದಾನ ನಡೆಯುತ್ತದೆ. ಸೇವೆ ಕೊಡುವ ಕಂಪನಿಯೇ ಆ ಪಾಲನ್ನು ಮನ್ನಾ ಮಾಡುವುದು, ಬೇರೆ ಹೆಸರಿನಲ್ಲಿ ಹಿಂತಿರುಗಿಸುವುದು, ದೇಣಿಗೆ ಎಂದು ಕೊಡುವುದು ನಡೆಯುವುದಿಲ್ಲ. ವಸ್ತು ಅಥವಾ ಶ್ರಮದ ರೂಪದ ಕೊಡುಗೆಯೂ ಲೆಕ್ಕಕ್ಕೆ ಬಾರದು.

ಕಾರ್ಯಕ್ರಮದ ಒಟ್ಟು ಹಣಕ್ಕೆ ವಾರ್ಷಿಕ ಮಿತಿ ಇದೆ. 2018ರಲ್ಲಿ ಅದನ್ನು 57.1 ಕೋಟಿ ಡಾಲರಿಗೆ ಏರಿಸಿ, ಮುಂದೆ ಹಣದುಬ್ಬರಕ್ಕೆ ತಕ್ಕಂತೆ ಹೆಚ್ಚಿಸುತ್ತಾ ಬಂದಿದ್ದಾರೆ. ಬೇಡಿಕೆ ಮಿತಿ ಮೀರಿದರೆ ಹೆಚ್ಚು ಒಳನಾಡಿನ, ವೈದ್ಯಕೀಯ ಸೇವೆ ಕಡಿಮೆ ಇರುವ ಪ್ರದೇಶಗಳಿಗೆ ಮೊದಲ ಪಾಲು. ಕಿಟಕಿಯೊಳಗೆ ಬಂದ ಅರ್ಜಿಗಳೆಲ್ಲ ಒಟ್ಟಿಗೆ ಬಂದಂತೆಯೇ ಲೆಕ್ಕ, ಹಾಗಾಗಿ ಮೊದಲ ದಿನವೇ ನುಗ್ಗಬೇಕಿಲ್ಲ.

## ಹಂತ 7: ಪ್ರಶ್ನೆ ಬಂದರೆ 14 ದಿನ

ಪರಿಶೀಲಕರಿಗೆ ಅನುಮಾನ ಬಂದರೆ ಮಾಹಿತಿ ಕೋರಿಕೆ ಕಳಿಸುತ್ತಾರೆ. ಉತ್ತರಕ್ಕೆ 14 ದಿನ ಸಮಯ, ರಜಾದಿನವೂ ಸೇರಿ. ಕೇಳಿದ್ದಕ್ಕೆ ಮಾತ್ರ ನೇರ ಉತ್ತರ ಕೊಡಿ, ಕಾಗದ ಲಗತ್ತಿಸಿ. "ಹಿಂದಿನ ವರ್ಷವೇ ಕೊಟ್ಟಿದ್ದೇವೆ" ಎಂಬುದು ಉತ್ತರವಲ್ಲ, ಮತ್ತೆ ಕೊಡಿ.

ಮಂಜೂರಾದರೆ ಎಫ್‌ಸಿಎಲ್ ಎಂಬ ಮಂಜೂರಾತಿ ಪತ್ರ ಬರುತ್ತದೆ. ಅದರಲ್ಲಿನ ಮೊತ್ತ, ಕಂಪನಿ, ಅವಧಿ ಮೂರನ್ನೂ ಆ ದಿನವೇ ತಾಳೆ ನೋಡಿ. ತಪ್ಪಿದ್ದರೆ ಅಥವಾ ತಿರಸ್ಕಾರವಾಗಿದ್ದರೆ 60 ದಿನದೊಳಗೆ ಯೂಸ್ಯಾಕ್‌ಗೆ ಮೇಲ್ಮನವಿ. ಅಲ್ಲೂ ಆಗದಿದ್ದರೆ ಮತ್ತೆ 60 ದಿನದೊಳಗೆ ಎಫ್‌ಸಿಸಿಗೆ.

ಪತ್ರ ಜುಲೈ 1ರೊಳಗೆ ಬರುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಕೆಲವು ತಿಂಗಳು ಪೂರ್ತಿ ಬಿಲ್ಲನ್ನು ಸಂಸ್ಥೆಯೇ ಕಟ್ಟಬೇಕಾಗಬಹುದು, ಆಮೇಲೆ ಶೇ. 65 ಜಮೆಯಾಗುತ್ತದೆ. ಬಜೆಟ್ ಮಾಡುವವರಿಗೆ ಇದನ್ನು ಮೊದಲೇ ಹೇಳಿಟ್ಟರೆ ನವೆಂಬರ್‌ನಲ್ಲಿ ನಿಮ್ಮ ಕೋಣೆಗೆ ಯಾರೂ ಬಂದು ನಿಲ್ಲುವುದಿಲ್ಲ.

## ಹಂತ 8: ಫಾರ್ಮ್ 463, ಹಣ ಕೈಗೆ ಬರುವುದು ಇಲ್ಲಿ

ಮಂಜೂರಾತಿ ಪತ್ರ ಬಂತೆಂದು ಕಡತ ಮುಚ್ಚಿಟ್ಟು, ಮಂಜೂರಾದ ಹಣವನ್ನು ಕಳೆದುಕೊಂಡವರೂ ಇದ್ದಾರೆ. 463 ಇನ್‌ವಾಯ್ಸ್ ಫಾರ್ಮು. ಅದನ್ನು ತುಂಬಲು ಶುರು ಮಾಡುವುದು ನೀವು, ಒಪ್ಪಿ ಯೂಸ್ಯಾಕ್‌ಗೆ ಕಳಿಸುವುದು ಕಂಪನಿ. ಯೂಸ್ಯಾಕ್ ಹಣ ಕೊಡುವುದು ಕಂಪನಿಗೆ, ಅಲ್ಲಿಂದ ನಿಮ್ಮ ಖಾತೆಗೆ ಜಮೆ. ಹಾಗಾಗಿ ಕಂಪನಿಯಲ್ಲಿ ಇದನ್ನು ನೋಡಿಕೊಳ್ಳುವವರು ಯಾರು ಎಂದು ಕರಾರಿನ ದಿನವೇ ಕೇಳಿಟ್ಟುಕೊಳ್ಳಿ. ಮಾರಾಟದವರಿಗೆ 463 ಎಂದರೆ ಏನೆಂದೇ ಗೊತ್ತಿರುವುದಿಲ್ಲ, ಬಿಲ್ಲಿಂಗ್ ವಿಭಾಗದ ಹೆಸರು ಬೇಕು.

ಸೇವೆ ಜೂನ್ 30ಕ್ಕೆ ಮುಗಿದರೆ ಇನ್‌ವಾಯ್ಸ್‌ಗೆ 120 ದಿನ, ಅಂದರೆ ಅಕ್ಟೋಬರ್ 28 ಗಡುವು. ಆ ದಿನದೊಳಗೆ ಕೇಳಿದರೆ ಇನ್ನೊಂದು 120 ದಿನ ಸಿಗುತ್ತದೆ, ಒಂದೇ ಸಲ. ಅಕ್ಟೋಬರ್ 29ಕ್ಕೆ ಕೇಳಿದರೆ ಇಲ್ಲ. ನೀವು 27ಕ್ಕೆ ತುಂಬಿ ಕೊಟ್ಟು, ಕಂಪನಿಯವರು 29ಕ್ಕೆ ಒತ್ತಿದರೂ ತಡವೇ. ಪ್ರತಿ ತಿಂಗಳು ಅಥವಾ ಮೂರು ತಿಂಗಳಿಗೊಮ್ಮೆ ಕಳಿಸುತ್ತಾ ಹೋದರೆ ಈ ಓಟವೇ ಬೇಡ.

ನಡುವೆ ಕಂಪನಿ, ವೇಗ ಅಥವಾ ಜಾಗ ಬದಲಾದರೆ ಇನ್‌ವಾಯ್ಸ್ ಕಳಿಸುವುದಕ್ಕೆ ಮುಂಚೆ ಬದಲಾವಣೆಗೆ ಒಪ್ಪಿಗೆ ಪಡೆಯಿರಿ. ಬಿಲ್ಲಿನಲ್ಲಿ 200 ಎಂಬಿಪಿಎಸ್, ಮಂಜೂರಾತಿಯಲ್ಲಿ 100 ಎಂದಿದ್ದರೆ ಹಣ ಅಲ್ಲೇ ನಿಲ್ಲುತ್ತದೆ.

## ಟೆಲಿಕಾಂ ಪ್ರೋಗ್ರಾಂ ಬೇಕೇ?

ಇದೇ ವ್ಯವಸ್ಥೆಯೊಳಗೆ ಇನ್ನೊಂದು ದಾರಿ ಟೆಲಿಕಾಂ ಪ್ರೋಗ್ರಾಂ. ಅಲ್ಲಿ ಶೇಕಡಾವಾರು ಲೆಕ್ಕವಿಲ್ಲ. ಅದೇ ರಾಜ್ಯದ ನಗರದ ದರಕ್ಕೂ ಹಳ್ಳಿಯ ದರಕ್ಕೂ ಇರುವ ವ್ಯತ್ಯಾಸವನ್ನು ಭರಿಸುತ್ತಾರೆ. ಗ್ರಾಮೀಣ ಸಂಸ್ಥೆಗಳಿಗೆ ಮಾತ್ರ, ಅದೂ ದೂರಸಂಪರ್ಕ ಸೇವೆಗಳಿಗೆ. ಅಲಾಸ್ಕದಂತೆ ದರವೇ ಆಕಾಶಕ್ಕಿರುವ ಕಡೆ ಇದು ಲಾಭದಾಯಕ. ನಗರಕ್ಕೂ ನಿಮಗೂ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ಶೇ. 65ರ ದಾರಿಯೇ ಒಳ್ಳೆಯದು.

## ಕಡತ ಐದು ವರ್ಷ

ಬಿಡ್ಡು, ಅಂಕಪಟ್ಟಿ, ಇಮೇಲು, ಬಿಲ್ಲು, ನಿಮ್ಮ ಶೇ. 35 ಕಟ್ಟಿದ್ದಕ್ಕೆ ಪುರಾವೆ, ಇಷ್ಟನ್ನೂ ಕನಿಷ್ಠ ಐದು ವರ್ಷ ಇಡಬೇಕು. ಮೂರು ವರ್ಷದ ಕರಾರಾದರೆ ಎಣಿಕೆ ಸೇವೆಯ ಕೊನೆಯ ದಿನದಿಂದ, ಸಹಿಯ ದಿನದಿಂದಲ್ಲ. ಯಾರದೋ ಲ್ಯಾಪ್‌ಟಾಪಿನಲ್ಲಿ ಇಡಬೇಡಿ. ಅನುದಾನ ವರ್ಷದ ಹೆಸರಿನಲ್ಲಿ ಒಂದು ಹಂಚಿಕೆಯ ಫೋಲ್ಡರ್, ಅದರೊಳಗೆ 460, 461, 462, 463 ಎಂದು ನಾಲ್ಕು. ಇಮೇಲುಗಳನ್ನು ಪಿಡಿಎಫ್ ಮಾಡಿ 461ರ ಫೋಲ್ಡರಿಗೆ ಹಾಕಿ. ಲೆಕ್ಕಪರಿಶೋಧಕರು ಬಂದಾಗ ಮೊದಲು ಕೇಳುವುದು ಬಿಡ್ ಕಾಲದ ಪತ್ರವ್ಯವಹಾರವನ್ನೇ. ಸಿಬ್ಬಂದಿ ಬದಲಾದ ಕ್ಲಿನಿಕ್ಕುಗಳಲ್ಲಿ ಹುಡುಕಿದಾಗ ಸಿಗದೆ ಹೋಗುವುದೂ ಅದೇ.